ಕಚೇರಿಯ ಇ-ಮೇಲ್ ಎಷ್ಟು ವರ್ಷ ಉಳಿಯಬೇಕು?

ದಾವಣಗೆರೆಯಲ್ಲಿ ಮುಖ್ಯ ಶಿಕ್ಷಕರು, ಕಚೇರಿ ನೌಕರರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ತಿಯಾಗಿ ಜಾರಿಗೆ ಬಂತು. ಅರ್ಜಿ ಹೇಗೆ ಹಾಕಬೇಕು, ಹತ್ತು ರೂಪಾಯಿ ಶುಲ್ಕ ಹೇಗೆ ಕಟ್ಟಬೇಕು, 30 ದಿನದ ಗಡುವು ಅಂದರೇನು, ಇವೆಲ್ಲ ಇಲ್ಲಿ ಕೂತಿರುವ ಬಹಳ ಜನರಿಗೆ ಗೊತ್ತಿದೆ. ಅದನ್ನು ಮತ್ತೆ ಹೇಳುವುದಿಲ್ಲ. ಇವತ್ತು ನನಗೆ ಹೇಳಬೇಕಾಗಿರುವುದು ಬೇರೆ. ಕೇಳುವ ಹಕ್ಕು ನಮಗಿದೆ, ಸರಿ. ಆದರೆ ಕೇಳುವ ಹೊತ್ತಿಗೆ ಆ ಕಾಗದ, ಆ ಮೇಲ್ ಉಳಿದಿರುತ್ತದಾ? ಉಳಿಸಬೇಕಾದವರು ಯಾರು? ಎಷ್ಟು ವರ್ಷ? ಇದನ್ನು ತೀರ್ಮಾನ ಮಾಡುವವರ ಕೈಯಲ್ಲೇ ನಮ್ಮ ಹಕ್ಕಿನ ಕೀಲಿ ಇದೆ ಅಂತ ನಾನು ನಂಬಿದ್ದೇನೆ.

ಮೊದಲು ಕಾಯ್ದೆ ಏನನ್ನುತ್ತದೆ ನೋಡೋಣ. ಸೆಕ್ಷನ್ 2(ಎಫ್)ನಲ್ಲಿ ಮಾಹಿತಿ ಅಂದರೆ ಏನು ಅಂತ ಇದೆ. ಯಾವ ರೂಪದಲ್ಲಿದ್ದರೂ ಮಾಹಿತಿಯೇ ಅಂತ ಹೇಳಿ ಒಂದು ಪಟ್ಟಿ ಕೊಡುತ್ತದೆ. ದಾಖಲೆ, ಮೆಮೊ, ಇ-ಮೇಲ್, ಅಭಿಪ್ರಾಯ, ಸಲಹೆ, ಸುತ್ತೋಲೆ, ಆದೇಶ, ಲಾಗ್ ಬುಕ್, ಕರಾರು, ವರದಿ. ಇ-ಮೇಲ್ ಅಲ್ಲೇ ಇದೆ, ಹೆಸರು ಹಿಡಿದು ಬರೆದಿದ್ದಾರೆ. ಯಾರೋ ವಕೀಲರು ಆಮೇಲೆ ಎಳೆದು ತಂದ ಅರ್ಥ ಅಲ್ಲ. ಸೆಕ್ಷನ್ 2(ಐ) ಕಂಪ್ಯೂಟರಿನಿಂದ ತಯಾರಾದ ಯಾವುದೇ ವಸ್ತುವನ್ನೂ ದಾಖಲೆ ಅನ್ನುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವ ಸಾರ್ವಜನಿಕ ದಾಖಲೆಗಳ ಕಾಯ್ದೆ ಈ ಮಾತನ್ನು 1993ರಲ್ಲೇ ಹೇಳಿತ್ತು. ನಮ್ಮ ರಾಜ್ಯಕ್ಕೂ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ.

ಅಂದರೆ ಸರ್ಕಾರಿ ಕೆಲಸಕ್ಕೆ ಬರೆದ ಮೇಲ್ ಸರ್ಕಾರಿ ದಾಖಲೆ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಆದರೂ ಕಚೇರಿಗಳಲ್ಲಿ ಏನು ಕೇಳಿಬರುತ್ತದೆ? ‘ಅದು ಸುಮ್ನೆ ಮೇಲ್ ಸರ್, ಫೈಲಲ್ಲಿ ಇಲ್ಲ.’ ಟಪಾಲಿನಲ್ಲಿ ಬಂದ ಕಾಗದಕ್ಕೆ ಇನ್‌ವರ್ಡ್ ನಂಬರ್ ಬೀಳುತ್ತದೆ, ಸೀಲ್ ಬೀಳುತ್ತದೆ, ಕೇಸ್ ವರ್ಕರ್ ಮೇಜಿಗೆ ಹೋಗುತ್ತದೆ. ಅದೇ ವಿಷಯ ಮೇಲ್‌ನಲ್ಲಿ ಬಂದರೆ ಒಬ್ಬರ ಮೊಬೈಲಿನಲ್ಲಿ ಓದಿ ಮುಗಿಯುತ್ತದೆ. ಕೆಲಸ ನಡೆಯುತ್ತದೆ, ಗುರುತು ಮಾತ್ರ ಉಳಿಯುವುದಿಲ್ಲ.

ಶಾಲೆಗಳ ಕಥೆಯನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಶಿಕ್ಷಕರೇ ಹೆಚ್ಚು ಜನ ಇದ್ದೀರಿ. ಜೊತೆಗೆ ಈ ತೊಂದರೆ ಅತಿ ಹೆಚ್ಚು ಕಾಡುವುದು ಸರ್ಕಾರಿ ಶಾಲೆಯನ್ನೇ.

ಒಂದು ಹಳ್ಳಿ ಶಾಲೆಯ ಇ-ಮೇಲ್ ವಿಳಾಸ ಹುಟ್ಟುವುದು ಹೇಗೆ ಹೇಳಿ. ಮೇಲಿನಿಂದ ‘ಶಾಲೆಯ ಮೇಲ್ ಐಡಿ ಕೊಡಿ’ ಅಂತ ತುರ್ತು ಮಾಹಿತಿ ಕೇಳುತ್ತಾರೆ. ಮುಖ್ಯ ಶಿಕ್ಷಕರು ಅವತ್ತೇ ಒಂದು ಜಿಮೇಲ್ ಖಾತೆ ತೆರೆಯುತ್ತಾರೆ. ಎಷ್ಟೋ ಸಲ ತಾಲ್ಲೂಕಿನ ಸೈಬರ್ ಸೆಂಟರಿನ ಹುಡುಗನೇ ತೆರೆದುಕೊಡುತ್ತಾನೆ. ಓಟಿಪಿ ಬರುವುದು ಮುಖ್ಯ ಶಿಕ್ಷಕರ ಸ್ವಂತ ನಂಬರಿಗೆ. ಇಲ್ಲ ಅಂದರೆ ಆ ಹುಡುಗನ ನಂಬರಿಗೆ. ಅಲ್ಲಿಂದ ಮುಂದೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗುವ ಅಂಕಿಅಂಶ, ಬಿಸಿಯೂಟದ ಲೆಕ್ಕ, ಕೊಠಡಿ ದುರಸ್ತಿಯ ಫೋಟೊ, ಮಕ್ಕಳ ಪಟ್ಟಿ, ವಿದ್ಯಾರ್ಥಿವೇತನದ ವಿವರ ಎಲ್ಲವೂ ಆ ಖಾತೆಯಲ್ಲಿ ಸೇರುತ್ತಾ ಹೋಗುತ್ತದೆ. ಮಕ್ಕಳ, ಶಾಲೆಯ ವಿವರ ತುಂಬುವ ಸ್ಯಾಟ್ಸ್, ಯುಡೈಸ್ ಪೋರ್ಟಲ್‌ಗಳಿಗೆ ಹಾಕಿದ್ದು ಅಲ್ಲಿ ಉಳಿಯುತ್ತದೆ, ನಿಜ. ಆದರೆ ಅದಕ್ಕೆ ಮುಂಚೆ ನಡೆದ ಪತ್ರ ವ್ಯವಹಾರ? ‘ಈ ಅಂಕಿ ತಪ್ಪಾಗಿದೆ, ತಿದ್ದಿ’ ಅಂತ ಬಂದ ಸೂಚನೆ? ‘ಗೋಡೆ ಬಿರುಕು ಬಿಟ್ಟಿದೆ, ಮಕ್ಕಳನ್ನು ಕೂರಿಸಲು ಆಗುವುದಿಲ್ಲ’ ಅಂತ ಮುಖ್ಯ ಶಿಕ್ಷಕರು ಕಳಿಸಿದ ಮೇಲ್? ಅದು ಆ ಖಾತೆಯಲ್ಲೇ ಇರುವುದು.

ಆಮೇಲೆ ಮುಖ್ಯ ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ, ಇಲ್ಲವೇ ನಿವೃತ್ತಿ. ಚಾರ್ಜ್ ಕೊಡುವಾಗ ಚಾರ್ಜ್ ಲಿಸ್ಟ್ ಬರೆಯುತ್ತೀರಿ. ದಾಖಲಾತಿ ರಿಜಿಸ್ಟರ್, ಹಾಜರಿ ಪುಸ್ತಕ, ಕ್ಯಾಶ್ ಬುಕ್, ಪಾಸ್ ಬುಕ್, ಬೀರು, ಬೆಂಚು, ಬಿಸಿಯೂಟದ ಪಾತ್ರೆ, ತಟ್ಟೆ ಲೋಟದ ಲೆಕ್ಕ ಕೂಡ ಇರುತ್ತದೆ. ಇ-ಮೇಲ್ ಖಾತೆ ಇರುತ್ತದಾ? ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಹೊಸಬರು ಬಂದು ಲಾಗಿನ್ ಆಗಲು ಹೋದರೆ ಓಟಿಪಿ ಹಳೆಯ ಮೇಷ್ಟ್ರ ಫೋನಿಗೆ ಹೋಗುತ್ತದೆ. ಅವರು ನಂಬರ್ ಬದಲಿಸಿದ್ದರೆ ಕಥೆ ಮುಗಿಯಿತು. ಇನ್ನೊಂದು ಹೊಸ ಖಾತೆ ತೆರೆಯುವುದೇ ಸುಲಭ ಅನ್ನಿಸುತ್ತದೆ. ಹಳೆಯದು ಅನಾಥ.

ಆ ಅನಾಥ ಖಾತೆ ಎಷ್ಟು ದಿನ ಬದುಕುತ್ತದೆ? ಎರಡು ವರ್ಷ ಯಾರೂ ತೆರೆಯದ ಸ್ವಂತ ಖಾತೆಗಳನ್ನು ಅಳಿಸುತ್ತೇವೆ ಅಂತ ಗೂಗಲ್ 2023ರಲ್ಲಿ ಹೇಳಿತು. ಆ ವರ್ಷದ ಡಿಸೆಂಬರಿನಿಂದ ಅಳಿಸಲು ಶುರು ಮಾಡಿತು. ಗೂಗಲ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಅವರ ಕಂಪನಿಯ ನಿಯಮ. ಅವರ ಲೆಕ್ಕದಲ್ಲಿ ಅದು ಯಾರೋ ಒಬ್ಬರ ಸ್ವಂತ ಖಾತೆ. ಅದರಲ್ಲಿ ಒಂದು ಸರ್ಕಾರಿ ಶಾಲೆಯ ಹತ್ತು ವರ್ಷದ ಪತ್ರ ವ್ಯವಹಾರ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಸರ್ಕಾರಿ ದಾಖಲೆ ಎಷ್ಟು ವರ್ಷ ಇರಬೇಕು ಅನ್ನುವುದನ್ನು ನಮ್ಮ ರಾಜ್ಯದ ನಿಯಮ ತೀರ್ಮಾನಿಸಬೇಕಿತ್ತು. ಈಗ ಒಂದು ಕಂಪನಿಯ ನಿಯಮ ತೀರ್ಮಾನಿಸುತ್ತಿದೆ. ನನಗೆ ನೋವಾಗುವುದು ಇಲ್ಲಿ.

ಸ್ವಂತ ಖಾತೆಯಿಂದ ಕಳಿಸಿದರೆ ಅದು ಸ್ವಂತದ್ದು ಅನ್ನುವ ವಾದ ಹೊಸದೇನಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಶಿಕ್ಷಣ ಸಚಿವ ಮೈಕೇಲ್ ಗೋವ್ ಇಲಾಖೆಯ ವಿಷಯಕ್ಕೆ ಖಾಸಗಿ ಮೇಲ್ ಬಳಸಿದ್ದು ಪತ್ರಿಕೆಗಳಲ್ಲಿ ಬಂತು. ಖಾಸಗಿ ಖಾತೆಯ ಮೇಲ್‌ಗಳು ಮಾಹಿತಿ ಕಾಯ್ದೆಯೊಳಗೆ ಬರುವುದಿಲ್ಲ ಅಂತ ಇಲಾಖೆ ವಾದಿಸಿತು. ಅಲ್ಲಿನ ಮಾಹಿತಿ ಆಯುಕ್ತರು 2012ರಲ್ಲಿ ಆ ವಾದ ಒಪ್ಪಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆ ನಗರದ ಪ್ರಕರಣವೊಂದು ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಗರದ ಕೆಲಸದ ಬಗ್ಗೆ ಅಧಿಕಾರಿಗಳು ಸ್ವಂತ ಫೋನಿನಿಂದ, ಸ್ವಂತ ಖಾತೆಯಿಂದ ಬರೆದದ್ದೂ ಸಾರ್ವಜನಿಕ ದಾಖಲೆ ಅಂತ 2017ರಲ್ಲಿ ತೀರ್ಪು ಬಂತು. ಮುಖ್ಯವಾದದ್ದು ಬರೆದ ವಿಷಯ. ಯಾವ ಪೆಟ್ಟಿಗೆಯಲ್ಲಿದೆ ಅನ್ನುವುದಲ್ಲ. ಅಮೆರಿಕದ ಕೇಂದ್ರ ಸರ್ಕಾರ 2014ರಲ್ಲಿ ಒಂದು ಸರಳ ನಿಯಮವನ್ನೇ ಕಾನೂನು ಮಾಡಿತು. ಅನಿವಾರ್ಯವಾಗಿ ಸ್ವಂತ ಖಾತೆ ಬಳಸಿದರೆ 20 ದಿನದೊಳಗೆ ಅದರ ಪ್ರತಿಯನ್ನು ಸರ್ಕಾರಿ ಖಾತೆಗೆ ಕಳಿಸಬೇಕು. ಇದನ್ನು ನಾವು ಇಲ್ಲಿ ನಾಳೆಯಿಂದಲೇ ರೂಢಿ ಮಾಡಿಕೊಳ್ಳಬಹುದು. ಕಾಸು ಖರ್ಚಿಲ್ಲ.

ನಮ್ಮ ಕೇಂದ್ರ ಸರ್ಕಾರವೂ 2015ರ ಫೆಬ್ರವರಿಯಲ್ಲಿ ಇ-ಮೇಲ್ ನೀತಿಯನ್ನು ಗೆಜೆಟ್‌ನಲ್ಲಿ ಹೊರಡಿಸಿತು. ಸರ್ಕಾರಿ ಕೆಲಸಕ್ಕೆ ಸರ್ಕಾರದ್ದೇ ಸಂಸ್ಥೆಯಾದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ನಡೆಸುವ ಮೇಲ್ ಬಳಸಬೇಕು, ಖಾಸಗಿ ಕಂಪನಿಗಳ ಮೇಲ್ ಬೇಡ ಅನ್ನುವುದು ಅದರ ತಿರುಳು. ಎನ್‌ಐಸಿ ಮೇಲ್ ಬಳಸುವ ರಾಜ್ಯ ಸರ್ಕಾರಿ ನೌಕರರಿಗೂ ಅದು ಅನ್ವಯ. ಹುದ್ದೆಯ ಹೆಸರಿನಲ್ಲಿ ವಿಳಾಸ ಇರಬೇಕು ಅನ್ನುವ ವಿಚಾರವೂ ಅದರಲ್ಲಿದೆ. ಕುರ್ಚಿಯಲ್ಲಿ ಯಾರೇ ಕೂರಲಿ, ವಿಳಾಸ ಹುದ್ದೆಯದು. ಹೋಗುವವರು ಬಿಟ್ಟು ಹೋಗುತ್ತಾರೆ, ಬರುವವರು ಮುಂದುವರಿಸುತ್ತಾರೆ. ಜಿಲ್ಲಾ ಮಟ್ಟದ ಕಚೇರಿಗಳಿಗೆ ಇದು ಬಂದಿದೆ. ಹಳ್ಳಿ ಶಾಲೆಯ ಬಾಗಿಲಿಗೆ ಬರಬೇಕು.

ಈಗ ಎಷ್ಟು ವರ್ಷ ಅನ್ನುವ ಪ್ರಶ್ನೆಗೆ ಬರುತ್ತೇನೆ.

ಸಿಬಿಎಸ್‌ಇ ಉತ್ತರ ಪತ್ರಿಕೆ ಪ್ರಕರಣ ನಿಮಗೆ ನೆನಪಿರಬಹುದು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೌಲ್ಯಮಾಪನ ಆದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ ಹೇಳಿತು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಅದನ್ನು ಜನ ಅಷ್ಟಾಗಿ ಗಮನಿಸಲಿಲ್ಲ. ಉತ್ತರ ಪತ್ರಿಕೆಗಳನ್ನು ಮೂರು ತಿಂಗಳು ಇಡಬೇಕು ಅಂತ ನಿಯಮ ಇದ್ದರೆ ಹಕ್ಕು ಕೂಡ ಆ ಮೂರು ತಿಂಗಳಿಗೇ. ನಿಯಮದ ಪ್ರಕಾರ ವಿಲೇವಾರಿ ಆದ ಮೇಲೆ ಕೊಡಿ ಅಂತ ಕೇಳುವಂತಿಲ್ಲ. ಅಷ್ಟೇ ಅಲ್ಲ, ನಿಯಮ ಹೇಳಿದ್ದಕ್ಕಿಂತ ಹೆಚ್ಚು ಕಾಲ ಇಡಿ ಅಂತ ಆದೇಶಿಸುವ ಅಧಿಕಾರ ಈ ಕಾಯ್ದೆಯ ಮೇಲ್ಮನವಿ ಕೇಳುವ ಮಾಹಿತಿ ಆಯೋಗಕ್ಕೂ ಇಲ್ಲ ಅಂತ ಕೋರ್ಟ್ ಹೇಳಿತು.

ಇದನ್ನು ನಿಧಾನವಾಗಿ ಯೋಚನೆ ಮಾಡಿ. ಸಂಸತ್ತು ಕೊಟ್ಟ ಹಕ್ಕಿನ ಆಯುಷ್ಯ ಎಷ್ಟು ಅನ್ನುವುದು ಯಾವುದೋ ಇಲಾಖೆಯ ದಾಖಲೆ ವಿಲೇವಾರಿ ನಿಯಮದಲ್ಲಿದೆ. ಆ ನಿಯಮ ಬರೆಯುವಾಗ ವಿಧಾನಸಭೆಯಲ್ಲಿ ಗಲಾಟೆ ಆಗುವುದಿಲ್ಲ, ಪತ್ರಿಕೆಯಲ್ಲಿ ಸುದ್ದಿ ಬರುವುದಿಲ್ಲ. ಮೂರು ತಿಂಗಳು ಅಂತ ಬರೆದರೆ ಮೂರು ತಿಂಗಳ ಹಕ್ಕು. ಮೂವತ್ತು ವರ್ಷ ಅಂತ ಬರೆದರೆ ಮೂವತ್ತು ವರ್ಷದ ಹಕ್ಕು. ಏನನ್ನೂ ಬರೆಯದಿದ್ದರೆ? ಮೇಲ್‌ಬಾಕ್ಸ್ ತುಂಬಿದ ದಿನ ಹಕ್ಕು ಮುಗಿಯುತ್ತದೆ. ಉಚಿತ ಜಿಮೇಲ್‌ನಲ್ಲಿ ಫೋಟೊ, ಡ್ರೈವ್ ಎಲ್ಲಾ ಸೇರಿ 15 ಜಿಬಿ. ಫೋಟೊ ಹಾಕಿ ವರದಿ ಕಳಿಸುವ ಶಾಲೆಗೆ ಅದು ಬೇಗ ತುಂಬುತ್ತದೆ. ತುಂಬಿದಾಗ ಏನು ಮಾಡುತ್ತೀರಿ? ಹಳೆಯದನ್ನೆಲ್ಲ ಒಟ್ಟಿಗೆ ಅಳಿಸುತ್ತೀರಿ. ಕೆಟ್ಟ ಉದ್ದೇಶ ಇರುವುದಿಲ್ಲ. ಹೊಸ ಮೇಲ್ ಬರಬೇಕಲ್ಲ ಅಂತ ಅಳಿಸುತ್ತೀರಿ.

ಕಾಗದಕ್ಕೆ ನಮ್ಮಲ್ಲಿ ಒಳ್ಳೆಯ ಪದ್ಧತಿ ಇದೆ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಕರ್ನಾಟಕದ ಕಚೇರಿಗಳಲ್ಲಿ ಕಡತ ಮುಗಿದಾಗ ಅದಕ್ಕೊಂದು ವರ್ಗ ಹಾಕುತ್ತಾರೆ. ‘ಎ’ ಅಂದರೆ ಶಾಶ್ವತ. ‘ಬಿ’ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ, ‘ಇ’ ಒಂದು ವರ್ಷ. ಅವಧಿ ಮುಗಿದ ಮೇಲೆ ಪಟ್ಟಿ ಮಾಡಿ, ಅಧಿಕಾರಿಯ ಒಪ್ಪಿಗೆ ಪಡೆದು ನಾಶ ಮಾಡಬೇಕು. ಈ ವರ್ಗ ಹಾಕುವುದು ವಿಷಯ ನೋಡಿ. ಬರೆದದ್ದು ಬಿಳಿ ಹಾಳೆಯಲ್ಲೋ ಹಸಿರು ಹಾಳೆಯಲ್ಲೋ ಅಂತ ನೋಡಿ ಅಲ್ಲ. ಹಾಗಾದರೆ ಇ-ಮೇಲ್‌ಗೆ ಬೇರೆ ನಿಯಮ ಯಾಕೆ ಬೇಕು? ಕೊಠಡಿ ಕಟ್ಟಡದ ಕಡತ ಯಾವ ವರ್ಗಕ್ಕೆ ಸೇರಿದೆಯೋ, ಆ ಕಟ್ಟಡದ ಬಗ್ಗೆ ಬಂದ ಮೇಲ್ ಕೂಡ ಅದೇ ವರ್ಗ. ನಾಳೆ ಸಭೆ 11 ಗಂಟೆಗೆ ಅಂತ ಬಂದ ಮೇಲ್ ಅನ್ನು ಮೂವತ್ತು ವರ್ಷ ಕಾಯಬೇಕಾಗಿಲ್ಲ. ಎಲ್ಲವನ್ನೂ ಇಡಿ ಅಂತ ನಾನು ಹೇಳುತ್ತಿಲ್ಲ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಒಂದು ನಿಯಮ ಹೇಳಲಿ. ಯಾರಾದರೂ ಅದಕ್ಕೆ ಸಹಿ ಹಾಕಲಿ.

‘ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದರೆ ಸಾಕಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಪೂರ್ತಿ ಸಾಲದು. 1989ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅವರ ಅವಧಿ ಮುಗಿಯುತ್ತಿತ್ತು. ಶ್ವೇತಭವನದ ಕಂಪ್ಯೂಟರಿನಲ್ಲಿದ್ದ ಮೇಲ್‌ಗಳನ್ನು ಅಳಿಸಲು ಹೊರಟಿದ್ದರು. ಸ್ಕಾಟ್ ಆರ್ಮ್‌ಸ್ಟ್ರಾಂಗ್ ಎಂಬ ಪತ್ರಕರ್ತರೂ ಇನ್ನು ಕೆಲವರೂ ಕೋರ್ಟಿಗೆ ಹೋಗಿ ತಡೆದರು. ಬೇಕಾದ್ದನ್ನು ಪ್ರಿಂಟ್ ತೆಗೆದಿದ್ದೇವೆ ಅನ್ನುವುದು ಸರ್ಕಾರದ ಉತ್ತರ. 1993ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಯಾರು ಕಳಿಸಿದರು, ಯಾರಿಗೆಲ್ಲ ಹೋಯಿತು, ಯಾವಾಗ ತಲುಪಿತು ಅನ್ನುವುದು ಪ್ರಿಂಟಿನಲ್ಲಿ ಬಿಟ್ಟುಹೋಗಬಹುದು. ಅದಿಲ್ಲದ ಹಾಳೆ ಮೂಲದ ಪೂರ್ಣ ಪ್ರತಿ ಅಲ್ಲ ಅಂತ ಹೇಳಿತು. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 7 ಕೂಡ ಹೆಚ್ಚುಕಮ್ಮಿ ಇದನ್ನೇ ಕೇಳುತ್ತದೆ. ಎಲೆಕ್ಟ್ರಾನಿಕ್ ದಾಖಲೆ ಮುಂದೆ ತೆರೆದು ನೋಡುವಂತೆ ಇರಬೇಕು. ಮೂಲ ರೂಪದಲ್ಲೋ, ಮೂಲವನ್ನು ಸರಿಯಾಗಿ ತೋರಿಸುವ ರೂಪದಲ್ಲೋ ಇರಬೇಕು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವ ದಿನ, ಯಾವ ಹೊತ್ತು ಅನ್ನುವ ವಿವರ ಅದರ ಜೊತೆಗೇ ಇರಬೇಕು.

ಇದು ತಂತ್ರಜ್ಞಾನದವರ ಹೊಸ ಹುಚ್ಚು ಅಂತ ಅನ್ನಿಸಿದರೆ ನೀವು ಒಮ್ಮೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿನ ಅಶೋಕನ ಶಾಸನವನ್ನು ಹೊರಜಗತ್ತಿಗೆ ತಿಳಿಸಿದರು. ಪಕ್ಕದ ಸಿದ್ದಾಪುರ, ಜಟಿಂಗರಾಮೇಶ್ವರದಲ್ಲೂ ಅದೇ ಶಾಸನ ಇದೆ. ಅದರ ಮೊದಲ ಸಾಲು ನೋಡಿ. ಸುವರ್ಣಗಿರಿಯಿಂದ, ಆರ್ಯಪುತ್ರನ (ರಾಜಕುಮಾರನ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ, ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಹೀಗೆ ಹೇಳುವುದು ಅಂತ ಶುರುವಾಗುತ್ತದೆ. ರಾಜನ ಸಂದೇಶ ಬರುವುದು ಆಮೇಲೆ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಅಂತ. ಲಿಪಿಕಾರ ಅನ್ನುವುದನ್ನು ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಇಲ್ಲಿನ ಲಿಪಿಯಲ್ಲ, ಭಾರತದ ವಾಯವ್ಯ ಮೂಲೆಯ ಲಿಪಿ. ಯಾವ ಊರಿನಿಂದ, ಯಾರ ಆದೇಶದ ಮೇಲೆ, ಯಾರಿಗೆ, ಬರೆದವರು ಯಾರು, ಎಲ್ಲವೂ ಕಲ್ಲಿನ ಮೇಲಿದೆ. ಈ ನಾಲ್ಕು ವಿವರ ಇಲ್ಲದೇ ಹೋಗಿದ್ದರೆ ನಮ್ಮ ನಾಡು ಮೌರ್ಯರ ಆಡಳಿತಕ್ಕೆ ಹೇಗೆ ಸೇರಿತ್ತು ಅನ್ನುವುದರ ಬಗ್ಗೆ ಇತಿಹಾಸಕಾರರಿಗೆ ಎಷ್ಟು ಕಡಿಮೆ ತಿಳಿಯುತ್ತಿತ್ತು! ನಮ್ಮ ಪಕ್ಕದ ಜಿಲ್ಲೆಯ ಬಂಡೆಯ ಮೇಲೆ 2200 ವರ್ಷಕ್ಕೂ ಹಿಂದೆ ಪಾಲಿಸಿದ ಶಿಸ್ತು ಇದು.

ಜಿಲ್ಲೆ ಅಂದಾಗ ಇನ್ನೊಂದು ವಿಷಯ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ರಂದು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು. ಹರಪನಹಳ್ಳಿಯ ಒಬ್ಬ ಶಿಕ್ಷಕರು 1990ರಲ್ಲಿ ಕೆಲಸಕ್ಕೆ ಸೇರಿದ್ದರು ಅಂದುಕೊಳ್ಳಿ. ಊರು ಬಿಟ್ಟು ಕದಲದೇ ಇದ್ದರೂ ಅವರ ದಾಖಲೆ ಮೂರು ಜಿಲ್ಲೆಗಳನ್ನು ನೋಡಿದೆ. ಕಾಗದದ ಕಡತವನ್ನು ಗಂಟು ಕಟ್ಟಿ ಲಾರಿಗೆ ಹಾಕಿ ಕಳಿಸಬಹುದು, ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಬಹುದು. ಆದರೆ ಇಲ್ಲಿನ ಜಿಲ್ಲಾ ಕಚೇರಿಯ ಮೇಲ್‌ಬಾಕ್ಸಿನಲ್ಲಿ ಹರಪನಹಳ್ಳಿಗೆ ಸಂಬಂಧಪಟ್ಟ ಮೇಲ್‌ಗಳು ಬೇರೆ ತಾಲ್ಲೂಕುಗಳ ಜೊತೆ ಬೆರೆತಿರುತ್ತವೆ. ಅದನ್ನು ಯಾರು ಬೇರ್ಪಡಿಸಿ ಕೊಡಬೇಕು? ತಾಲ್ಲೂಕು ಹೋಗುವಾಗ ಮೇಲ್ ಕೂಡ ಹೋಗಬೇಕು ಅನ್ನುವುದು ಹಸ್ತಾಂತರದ ಪಟ್ಟಿಯಲ್ಲಿ ಒಂದು ಸಾಲಾಗಿ ಇರಲೇಬೇಕು.

ಸ್ಮಾರ್ಟ್ ಸಿಟಿಯದೂ ಇದೇ ಪ್ರಶ್ನೆ. 2016ರ ಜನವರಿಯಲ್ಲಿ ಬಂದ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಕೆಲಸ ನಡೆಸಿದ್ದು ಅದಕ್ಕಾಗಿಯೇ ಮಾಡಿದ ಕಂಪನಿ. ಮಿಷನ್ನಿನ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ರಸ್ತೆ, ಚರಂಡಿ, ಬಸ್ ನಿಲ್ದಾಣ ಇನ್ನೂ ಎಷ್ಟೋ ವರ್ಷ ಇರುತ್ತವೆ. ಅವುಗಳಿಗೆ ದುರಸ್ತಿ ಬಂದಾಗ ಗುತ್ತಿಗೆದಾರರ ಜೊತೆ ನಡೆದ ಪತ್ರ ವ್ಯವಹಾರ ಬೇಕಾಗುತ್ತದೆ. ಇಂಥ ಕಂಪನಿಗಳ ಮೇಲ್‌ಗಳನ್ನು ಮುಂದೆ ಯಾರ ಸುಪರ್ದಿಗೆ ಕೊಡಬೇಕು ಅನ್ನುವುದನ್ನು ನಾಗರಿಕರು ಈಗಲೇ ಕೇಳಬೇಕು.

ಇನ್ನು ಕಡತವೇ ಸಿಗುತ್ತಿಲ್ಲ ಅನ್ನುವ ಉತ್ತರ. ಮಾಹಿತಿ ಕಾಯ್ದೆಯಲ್ಲಿ ಯಾವ ಯಾವ ಕಾರಣಕ್ಕೆ ಮಾಹಿತಿ ಕೊಡದಿರಬಹುದು ಅಂತ ಸೆಕ್ಷನ್ 8 ಮತ್ತು 9ರಲ್ಲಿದೆ. ಸಿಗುತ್ತಿಲ್ಲ ಅನ್ನುವ ಕಾರಣ ಅಲ್ಲಿಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಬಿಡಿಸಿ ಹೇಳಿತು. ಒಂದು ಕಾಲದಲ್ಲಿ ಇದ್ದ ದಾಖಲೆ ಈಗ ಕಾಣುತ್ತಿಲ್ಲ ಅಂದರೆ ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದು ಅಂತ ತನಿಖೆ ಆಗಬೇಕು, ಆ ತನಿಖೆಗೆ ಆಯೋಗ ಆದೇಶಿಸಬಹುದು ಅಂತ. ಅರ್ಜಿ ಬಂದ ಮೇಲೆ ಆ ಮಾಹಿತಿಯನ್ನು ನಾಶ ಮಾಡಿದರೆ ಸೆಕ್ಷನ್ 20ರ ದಂಡ ಬೀಳುತ್ತದೆ. ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅಧಿಕಾರಿಯ ಸ್ವಂತ ಜೇಬಿನಿಂದ. ಕೇಂದ್ರದ 1993ರ ಕಾಯ್ದೆಯಲ್ಲಿ ನಿಯಮ ಮೀರಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು ಕೂಡ ಇದೆ.

ಆದರೆ ನನಗೆ ದಂಡಕ್ಕಿಂತ ಸೆಕ್ಷನ್ 4(1)(ಎ) ಮುಖ್ಯ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ, ಕೇಳಿದವರಿಗೆ ಕೊಡಲು ಸುಲಭವಾಗುವಂತೆ ಇಟ್ಟುಕೊಳ್ಳುವುದು ಪ್ರತಿ ಕಚೇರಿಯ ಕರ್ತವ್ಯ ಅನ್ನುತ್ತದೆ ಅದು. ಯಾರೂ ಅರ್ಜಿ ಹಾಕದಿದ್ದರೂ ಈ ಕರ್ತವ್ಯ ಇದೆ. ಎಷ್ಟೋ ಕಚೇರಿಗಳು 4(1)(ಎ) ಪಟ್ಟಿಯನ್ನು ಮಾಡಿ ಹಾಕಿವೆ. ಕಡತ ಸಂಖ್ಯೆ, ವಿಷಯ, ವರ್ಗ, ಪುಟ ಎಲ್ಲಾ ಇರುತ್ತದೆ. ಇಂಥ ಪಟ್ಟಿಯಲ್ಲಿ ಇ-ಮೇಲ್‌ಗೂ ಒಂದು ಕಾಲಂ ಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡಬಾರದು. ಶಾಲೆಯ ಮೇಲ್‌ನಲ್ಲಿ ಮಕ್ಕಳ ಆಧಾರ್ ನಂಬರ್, ಜಾತಿ, ತಂದೆ ತಾಯಿಯ ಆದಾಯ, ಬ್ಯಾಂಕ್ ಖಾತೆ, ಕೆಲವೊಮ್ಮೆ ಕಾಯಿಲೆಯ ವಿವರ ಕೂಡ ಇರುತ್ತದೆ. ಒಂದು ಮಗುವಿನ ಅಂಗವಿಕಲತೆಯ ಪ್ರಮಾಣಪತ್ರ ಹತ್ತು ಜನರ ಇನ್‌ಬಾಕ್ಸಿನಲ್ಲಿ ಹತ್ತು ವರ್ಷ ಬಿದ್ದಿರಬೇಕಾ? ಬೇಡ. ಬೇಕಾದ ಒಂದು ಪ್ರತಿ ಕಡತದಲ್ಲಿ ಭದ್ರವಾಗಿರಲಿ, ಉಳಿದ ಒಂಬತ್ತು ಹೋಗಲಿ. ಮಕ್ಕಳ ಇಂಥ ವಿವರವನ್ನು ಯಾರೋ ಅರ್ಜಿ ಹಾಕಿದರು ಅಂತ ಕೊಡುವಂತೆಯೂ ಇಲ್ಲ. ಸೆಕ್ಷನ್ 8(1)(ಜೆ) ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ವಿನಾಯಿತಿಯನ್ನು ಬಹಳ ಅಗಲ ಮಾಡಿದೆ. ಅಧಿಕಾರಿಗಳ ಕೆಲಸದ ವಿವರವನ್ನೂ ವೈಯಕ್ತಿಕ ಅಂತ ಹೇಳಿ ಮುಚ್ಚಿಡಲು ಇದು ದಾರಿ ಆಗುತ್ತದೆ ಅನ್ನುವ ಆತಂಕ ನನಗಿದೆ. ಆದರೂ ಸೆಕ್ಷನ್ 8(2) ಉಳಿದಿದೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು ಅನ್ನುತ್ತದೆ ಅದು. ಸೆಕ್ಷನ್ 10ರ ಪ್ರಕಾರ ಮಗುವಿನ ಹೆಸರು ಮುಚ್ಚಿ ಉಳಿದ ಭಾಗ ಕೊಡಬಹುದು.

ಅಮೆರಿಕದ ಒಂದು ಶಾಲಾ ಪ್ರಕರಣವನ್ನು ಇಲ್ಲಿ ಹೇಳಬೇಕು. ಕ್ಯಾಲಿಫೋರ್ನಿಯಾದ ಟುಲಾರೆ ಕೌಂಟಿಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿನ ತಂದೆ ತಾಯಿ ತಮ್ಮ ಮಗುವಿನ ಬಗ್ಗೆ ಇರುವ ಎಲ್ಲಾ ಇ-ಮೇಲ್ ಕೇಳಿದರು. ಮಗುವಿನ ಫೈಲಿಗೆ ಪ್ರಿಂಟ್ ಆಗಿ ಸೇರಿದ್ದವನ್ನು ಮಾತ್ರ ಕೊಟ್ಟರು. 2009ರಲ್ಲಿ ಫೆಡರಲ್ ಕೋರ್ಟ್ ಅದೇ ಸರಿ ಅಂದಿತು. ಫೈಲಿನಲ್ಲಿ ಇಟ್ಟುಕೊಂಡಿದ್ದೇ ಶಿಕ್ಷಣ ದಾಖಲೆ, ಇನ್‌ಬಾಕ್ಸಿನಲ್ಲಿ ಬಂದು ಹೋಗುವುದೆಲ್ಲ ಅಲ್ಲ ಅಂತ. ನನಗೆ ಈ ತೀರ್ಪು ಒಪ್ಪಿಗೆ ಆಗುವುದಿಲ್ಲ. ಯಾವುದನ್ನು ಫೈಲಿಗೆ ಹಾಕಬೇಕು ಅನ್ನುವುದನ್ನು ಪ್ರಶ್ನೆಗೆ ಒಳಗಾದ ಕಚೇರಿಯೇ ತೀರ್ಮಾನಿಸಿದರೆ, ತನಗೆ ತೊಂದರೆ ಕೊಡುವ ಮೇಲ್ ಅನ್ನು ಅದು ಯಾಕೆ ಹಾಕುತ್ತದೆ? ನಮ್ಮ ಸೆಕ್ಷನ್ 2(ಎಫ್) ಇಲ್ಲಿ ಶಿಕ್ಷಣ ದಾಖಲೆಗಳ ಬಗ್ಗೆ ಇರುವ ಅಮೆರಿಕದ ಕಾನೂನಿಗಿಂತ ಗಟ್ಟಿಯಾಗಿದೆ. ಅದನ್ನು ಬಳಸಿಕೊಳ್ಳೋಣ.

ಶಾಲೆಯವರು ಈಗಲೇ ಏನು ಮಾಡಬಹುದು? ಖಾತೆಯ ಹೆಸರು, ಪಾಸ್‌ವರ್ಡ್, ಓಟಿಪಿ ನಂಬರ್ ಬರೆದು ಲಕೋಟೆಯಲ್ಲಿ ಮುಚ್ಚಿ ಬೀರುವಿನಲ್ಲಿ ಇಡಿ, ಚಾರ್ಜ್ ಲಿಸ್ಟಿನಲ್ಲಿ ಅದನ್ನು ಒಂದು ಐಟಂ ಮಾಡಿ. ಓಟಿಪಿಗೆ ಶಾಲೆಯದೇ ನಂಬರ್ ಇರಲಿ. ಮುಖ್ಯವಾದ ಮೇಲ್‌ಗೂ ಇನ್‌ವರ್ಡ್ ನಂಬರ್ ಹಾಕಿ. ವರ್ಷಕ್ಕೊಮ್ಮೆ ಪೂರ್ತಿ ಖಾತೆಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಜಿಮೇಲ್‌ನಲ್ಲಿ ಅದಕ್ಕೆ ಸೌಲಭ್ಯ ಇದೆ, ನಿಮ್ಮ ಶಾಲೆಯ ಕಂಪ್ಯೂಟರ್ ಗೊತ್ತಿರುವ ಶಿಕ್ಷಕರು ಮಾಡಿಕೊಡುತ್ತಾರೆ. ಅಳಿಸುವುದಿದ್ದರೆ ಎಸ್‌ಡಿಎಂಸಿ ಸಭೆಯ ನಡವಳಿಯಲ್ಲಿ ಬರೆದು, ಬಿಇಒ ಕಚೇರಿಯ ಒಪ್ಪಿಗೆ ಪಡೆದು ಅಳಿಸಿ. ಇದು ಜನರಿಗಾಗಿ ಮಾತ್ರ ಅಲ್ಲ, ನಿಮಗೂ ರಕ್ಷಣೆ. ಗೋಡೆ ಬಿದ್ದ ಮೇಲೆ ವಿಚಾರಣೆ ಬಂದಾಗ ‘ನಾನು ಮೊದಲೇ ತಿಳಿಸಿದ್ದೆ’ ಅಂತ ತೋರಿಸಲು ನಿಮ್ಮ ಹತ್ತಿರ ಇರುವುದು ಆ ಮೇಲ್ ಒಂದೇ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ಮುಖ್ಯ ಶಿಕ್ಷಕಿ ಕೇಳಿದರು: ‘ಸರ್, ನಮಗೆ ಮೇಲ್ ಬರುವುದೇ ಕಡಿಮೆ. ಎಲ್ಲಾ ಆದೇಶ ವಾಟ್ಸಾಪ್ ಗ್ರೂಪಿನಲ್ಲೇ ಬರುತ್ತದೆ. ಅದೂ ದಾಖಲೆನಾ?’

ಹೌದು ಮೇಡಂ. ಯಾವ ರೂಪದಲ್ಲಿದ್ದರೂ ಮಾಹಿತಿ ಅಂತ ಕಾಯ್ದೆಯೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಇ-ಮೇಲ್ ಜೊತೆಗೆ ಫೋನಿನಲ್ಲಿರುವ ಸಂದೇಶಗಳನ್ನೂ ದಾಖಲೆಗೆ ಉದಾಹರಣೆಯಾಗಿ ಕೊಟ್ಟಿದೆ. ಕಷ್ಟ ಏನೆಂದರೆ ವಾಟ್ಸಾಪ್‌ನಲ್ಲಿ ಸಂದೇಶ ತಾನಾಗಿ ಅಳಿಯುವಂತೆ ಇಡಬಹುದು. 24 ಗಂಟೆ, 7 ದಿನ, 90 ದಿನ ಅಂತ ಆಯ್ಕೆ ಇದೆ. ಅಧಿಕೃತ ಗ್ರೂಪಿನಲ್ಲಿ ಅದು ಆಫ್ ಆಗಿರಬೇಕು. ಆದೇಶ ಅಂತ ಬಂದಿದ್ದನ್ನು ಅದೇ ದಿನ ಶಾಲೆಯ ಮೇಲ್‌ಗೆ ಕಳಿಸಿಕೊಳ್ಳಿ. ಇನ್ನೂ ಒಳ್ಳೆಯದು, ‘ಇದನ್ನು ಮೇಲ್‌ನಲ್ಲೂ ಕಳಿಸಿ’ ಅಂತ ಕಳಿಸಿದವರನ್ನೇ ಕೇಳಿ.

ಮಗಳನ್ನು ಅನುದಾನ ಇಲ್ಲದ ಖಾಸಗಿ ಶಾಲೆಗೆ ಕಳಿಸುವ ತಂದೆಯೊಬ್ಬರು ಅಲ್ಲಿ ಮಾಹಿತಿ ಕೇಳಬಹುದಾ ಅಂದರು. ಆ ಶಾಲೆಗೆ ನೇರವಾಗಿ ಅರ್ಜಿ ಹಾಕುವುದು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಬೇರೆ ಕಾನೂನಿನ ಪ್ರಕಾರ ಇಲಾಖೆ ಆ ಶಾಲೆಯಿಂದ ಪಡೆಯಬಹುದಾದ ಮಾಹಿತಿಯನ್ನು ಬಿಇಒ ಅಥವಾ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿಯಲ್ಲಿ ಕೇಳಬಹುದು. ಅದೂ 2(ಎಫ್)ನಲ್ಲೇ ಇದೆ. ಅನುದಾನಿತ ಶಾಲೆ ಆದರೆ, ಸರ್ಕಾರದ ಹಣ ಗಣನೀಯವಾಗಿ ಹೋಗುತ್ತಿರುವುದರಿಂದ, ನೇರವಾಗಿಯೇ ಕೇಳಿ.

ಕೊನೆಗೆ ಭದ್ರಾ ಮೇಲ್ದಂಡೆ ಯೋಜನೆಗೆ ಜಮೀನು ಬಿಟ್ಟ ಒಬ್ಬ ರೈತರು ಎದ್ದು ನಿಂತರು. ಚಿತ್ರದುರ್ಗ ಜಿಲ್ಲೆಯವರು. ‘ಪರಿಹಾರದ ಬಗ್ಗೆ ಎರಡು ಕಚೇರಿ ನಡುವೆ ಮೇಲ್ ಓಡಾಡಿದೆ ಅಂತ ಗೊತ್ತಾಗಿದೆ. ಕೇಳಿದರೆ ಡಿಲೀಟ್ ಆಗಿದೆ ಅಂತಾರೆ. ಮುಂದೇನು ಮಾಡಲಿ?’

ಮೇಲ್‌ಗೆ ಎರಡು ತುದಿ ಇರುತ್ತದೆ ಅಣ್ಣಾ. ಕಳಿಸಿದ ಕಚೇರಿಯಲ್ಲಿ ಇಲ್ಲದಿದ್ದರೆ ಪಡೆದ ಕಚೇರಿಯಲ್ಲಿ ಇರಬಹುದು. ಎರಡೂ ಕಡೆ ಬೇರೆ ಬೇರೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಹಾಗಾಗಿ ಸರ್ವೆ ನಂಬರ್, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ಎರಡು ಹುದ್ದೆಗಳ ನಡುವಿನ ಮೇಲ್, ಅಷ್ಟನ್ನು ಮಾತ್ರ ಬರೆಯಿರಿ. ಪ್ರಿಂಟ್ ಅಲ್ಲ, ಮೂಲ ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡಿ ಅಂತ ಸೇರಿಸಿ. ಸಾಮಾನ್ಯವಾಗಿ ಕೇಳಿದ ರೂಪದಲ್ಲೇ ಕೊಡಬೇಕು ಅಂತ ಸೆಕ್ಷನ್ 7(9) ಹೇಳುತ್ತದೆ. ಡಿಲೀಟ್ ಆಗಿದೆ ಅಂತ ಮತ್ತೆ ಉತ್ತರ ಬಂದರೆ ಇನ್ನೊಂದು ಅರ್ಜಿ ಹಾಕಿ. ಯಾವ ಆದೇಶದ ಮೇಲೆ, ಯಾವ ದಿನ ನಾಶ ಮಾಡಿದಿರಿ, ನಾಶದ ಪಟ್ಟಿಯ ಪ್ರತಿ ಕೊಡಿ ಅಂತ ಕೇಳಿ. ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ ಸಮಯ ಇದೆ. ಬರೀ ಸೆಕ್ಷನ್ 18ರ ದೂರು ಕೊಟ್ಟು ಸುಮ್ಮನಾಗಬೇಡಿ. ದೂರಿನಲ್ಲಿ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿಸಲು ಆಗುವುದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಬೇಕಾಗಿರುವುದು ಮಾಹಿತಿ. ಆದ್ದರಿಂದ ಸೆಕ್ಷನ್ 19ರ ಮೇಲ್ಮನವಿಯನ್ನೇ ಹಾಕಿ. ದಾಖಲೆ ಇಡುವ ಮತ್ತು ನಾಶ ಮಾಡುವ ಪದ್ಧತಿಯನ್ನು ಸರಿಪಡಿಸಿಕೊಳ್ಳಿ ಅಂತ ಆ ಕಚೇರಿಗೆ ಹೇಳುವ ಅಧಿಕಾರ 19(8)ರಲ್ಲಿ ಆಯೋಗಕ್ಕೆ ಇದೆ. ಮೇಲ್ಮನವಿಯ ಕೊನೆಯಲ್ಲಿ ಅದನ್ನೂ ಒಂದು ಕೋರಿಕೆಯಾಗಿ ಬರೆಯಿರಿ.